ಕೆಲಸ ಮುಗಿದ ಬ್ರಾಂಚ್‌ಗಳನ್ನು ಅಳಿಸುವ ಮೊದಲು

(ಬಿಕರ್ನಕಟ್ಟೆಯಲ್ಲಿ ಕಂಪ್ಯೂಟರ್ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಕೋಡ್ ಬರೆಯುವುದನ್ನು ನಿಮಗೆ ಕಲಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಬರೆದು ಮುಗಿದ ಮೇಲೆ ಉಳಿಯುವುದನ್ನು ಗುಡಿಸುವುದು ಹೇಗೆಂದು ಹೇಳುವವರು ಕಡಿಮೆ. ಆದ್ದರಿಂದ ಇಂದು ಗಿಟ್‌ನ ಹಳೆಯ ಬ್ರಾಂಚ್‌ಗಳ ಬಗ್ಗೆ ಮಾತ್ರ ಮಾತನಾಡುತ್ತೇನೆ.

ನೀವೆಲ್ಲ ಬಸ್ಸಿಳಿಯುವ ಕೈಕಂಬವನ್ನೇ ತೆಗೆದುಕೊಳ್ಳಿ. ಗುರುಪುರಕ್ಕೊಂದು ಕೈಕಂಬ, ಬಿ.ಸಿ.ರೋಡಿಗೊಂದು ಕೈಕಂಬ, ನಮ್ಮ ಬಿಕರ್ನಕಟ್ಟೆಗೂ ಒಂದು. ಕೈಕಂಬವೆಂದರೆ ದಾರಿ ತೋರಿಸುವ ಕಂಬ. ಗಿಟ್‌ನ ಬ್ರಾಂಚ್ ಕೂಡ ಅಷ್ಟೇ. ಅದರೊಳಗೆ ನಿಮ್ಮ ಕೋಡ್ ಇಲ್ಲ; ಒಂದು ಕಮಿಟ್‌ನ 40 ಅಕ್ಷರಗಳ ಗುರುತು ಮಾತ್ರ ಇದೆ. ಕಂಬ ಕಿತ್ತರೆ ಊರು ಮಾಯವಾಗುವುದಿಲ್ಲ. ಆದರೆ ಆ ಊರಿಗೆ ಬೇರೆ ದಾರಿಯೇ ಇಲ್ಲದಿದ್ದರೆ?

2005ರ ಎಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್‌ನ ಕೆಲಸಕ್ಕಾಗಿ ಗಿಟ್ ಬರೆದರು. ಅಲ್ಲಿಯವರೆಗೆ ಬಳಸುತ್ತಿದ್ದ ಬಿಟ್‌ಕೀಪರ್‌ನ ಉಚಿತ ಪರವಾನಗಿ ಕೈತಪ್ಪಿತ್ತು. ಗಿಟ್‌ನಲ್ಲಿ ಬ್ರಾಂಚ್ ಮಾಡುವುದು ಕ್ಷಣದ ಕೆಲಸ. ಸುಲಭವಾದ್ದರಿಂದಲೇ ಅವು ರಾಶಿ ಬೀಳುತ್ತವೆ. ಜಾಗ ತಿನ್ನುತ್ತವೆಂದು ಅವನ್ನು ಅಳಿಸಬೇಕಾಗಿಲ್ಲ. ಗೊಂದಲವೇ ದೊಡ್ಡ ತೊಂದರೆ. ಲಾಗಿನ್, ಲಾಗಿನ್-ಹೊಸದು, ಲಾಗಿನ್-ಫೈನಲ್ ಎಂದು ಮೂರು ಹೆಸರುಗಳಿದ್ದರೆ, ಆರು ತಿಂಗಳ ಬಳಿಕ ನೀವೇ ತಪ್ಪು ಬ್ರಾಂಚ್‌ನಲ್ಲಿ ಕೆಲಸ ಆರಂಭಿಸುತ್ತೀರಿ.

ಮೊದಲು ಮೈನ್ ಬ್ರಾಂಚ್‌ಗೆ ಬಂದು ಪುಲ್ ಮಾಡಿ. ಬಳಿಕ 'ಗಿಟ್ ಬ್ರಾಂಚ್ --ಮರ್ಜ್ಡ್' ಎಂದು ಕೊಟ್ಟರೆ ಮೈನ್‌ನೊಳಗೆ ಪೂರ್ತಿ ಸೇರಿದ ಬ್ರಾಂಚ್‌ಗಳ ಪಟ್ಟಿ ಬರುತ್ತದೆ. ಇವುಗಳನ್ನು ಚಿಕ್ಕ 'ಡಿ' ಬಳಸಿ ಅಳಿಸಬಹುದು. ಆ ಪಟ್ಟಿಯಲ್ಲಿ ಡೆವೆಲಪ್‌ನಂತಹ, ಎಲ್ಲರಿಗೂ ಬೇಕಾದ ಬ್ರಾಂಚ್ ಕೂಡ ಇರಬಹುದು, ಕಣ್ಣಿಟ್ಟು ಓದಿ. 'ಗಿಟ್ ಫೆಚ್ --ಪ್ರೂನ್' ಕೊಟ್ಟರೆ ಎಲ್ಲವೂ ಸ್ವಚ್ಛವಾಯಿತೆಂದು ಹಲವರ ಭಾವನೆ. ಅದು ಸರ್ವರ್‌ನಲ್ಲಿ ಅಳಿದ ಬ್ರಾಂಚ್‌ಗಳ ನೆರಳನ್ನು ಮಾತ್ರ ತೆಗೆಯುತ್ತದೆ. ನಿಮ್ಮ ಸ್ವಂತ ಬ್ರಾಂಚ್‌ಗಳು ಇದ್ದಲ್ಲೇ ಇರುತ್ತವೆ. ಆಮೇಲೆ 'ಗಿಟ್ ಬ್ರಾಂಚ್ -ವಿವಿ' ಎಂದು ಕೊಟ್ಟು ನೋಡಿದರೆ ಅಂಥವುಗಳ ಪಕ್ಕದಲ್ಲಿ 'ಗಾನ್' ಎಂದು ಕಾಣಿಸುತ್ತದೆ.

ಇನ್ನು ಕಷ್ಟದ ವಿಷಯ. ಇಂದು ಅನೇಕ ಕಂಪೆನಿಗಳಲ್ಲಿ ಸ್ಕ್ವಾಶ್ ಮರ್ಜ್ ಪದ್ಧತಿ ಇದೆ. ನೀವು ಮಾಡಿದ ಹತ್ತು ಕಮಿಟ್‌ಗಳನ್ನು ಒಂದಾಗಿಸಿ ಮೈನ್‌ಗೆ ಸೇರಿಸುತ್ತಾರೆ. ಆ ಒಂದು ಕಮಿಟ್‌ನ ಗುರುತು ಬೇರೆ, ನಿಮ್ಮ ಹತ್ತರ ಗುರುತು ಬೇರೆ. ಕೆಲಸ ಸೇರಿದ್ದು ನಿಜವಾದರೂ ಗಿಟ್‌ಗೆ ಅದು ತಿಳಿಯದು. ಚಿಕ್ಕ 'ಡಿ' ಒಪ್ಪುವುದಿಲ್ಲ, 'ಇದು ಪೂರ್ತಿ ಸೇರಿಲ್ಲ' ಎನ್ನುತ್ತದೆ. ಆಗ ನಾವು ದೊಡ್ಡ 'ಡಿ' ಒತ್ತುತ್ತೇವೆ. ದಿನಾ ಒತ್ತಿ ಒತ್ತಿ ಅದೇ ರೂಢಿಯಾಗುತ್ತದೆ. ಒಂದು ದಿನ ನಿಜವಾಗಿಯೂ ಸೇರದಿರುವ ಬ್ರಾಂಚ್‌ಗೂ ಅದನ್ನೇ ಒತ್ತಿರುತ್ತೇವೆ. ಹಾಗಾಗದಿರಲು, ಪುಲ್ ರಿಕ್ವೆಸ್ಟ್ ತೆರೆದು ಅದರ ಕೊನೆಯ ಕಮಿಟ್ ಮತ್ತು ನಿಮ್ಮ ಬ್ರಾಂಚ್‌ನ ಕೊನೆಯ ಕಮಿಟ್ ಒಂದೇ ಎಂದು ನೋಡಿಕೊಳ್ಳಿ. ಅರ್ಧ ನಿಮಿಷದ ಕೆಲಸ.

ಅವಸರದಲ್ಲಿ ಅಳಿಸಿಬಿಟ್ಟರೆ ಗಾಬರಿ ಬೇಡ. ಅಳಿಸುವಾಗ ಗಿಟ್ ಆ ಕಮಿಟ್‌ನ ಚಿಕ್ಕ ಗುರುತನ್ನು ಪರದೆಯ ಮೇಲೆ ಹೇಳಿಯೇ ಅಳಿಸುತ್ತದೆ. 'ಗಿಟ್ ಬ್ರಾಂಚ್' ಎಂದು ಬರೆದು, ಒಂದು ಹೆಸರು, ಮುಂದೆ ಆ ಗುರುತು ಕೊಟ್ಟರೆ ಕಂಬ ಮತ್ತೆ ನಿಲ್ಲುತ್ತದೆ. ಪರದೆ ಮುಚ್ಚಿದ್ದರೆ 'ಗಿಟ್ ರಿಫ್‌ಲಾಗ್' ಇದೆ. ನೀವು ಎಲ್ಲೆಲ್ಲಿ ನಿಂತಿದ್ದಿರಿ ಎಂಬ ದಿನಚರಿ ಅದು. ಯಾವ ಬ್ರಾಂಚ್‌ಗೂ ಸೇರದ ಕಮಿಟ್‌ಗಳ ದಾಖಲೆಯನ್ನು ಸಾಮಾನ್ಯವಾಗಿ 30 ದಿನ ಇಟ್ಟುಕೊಳ್ಳುತ್ತದೆ. ಆಮೇಲೆ ಗಿಟ್ ತನ್ನ ಕಸ ಗುಡಿಸುವಾಗ ಅದೂ ಹೋಗಬಹುದು.

ಆದರೆ ಈ ದಿನಚರಿ ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಇರುತ್ತದೆ. ಪುಶ್ ಮಾಡಿದರೆ ಹೋಗುವುದಿಲ್ಲ, ಕ್ಲೋನ್ ಮಾಡಿದರೆ ಬರುವುದಿಲ್ಲ. ಇದನ್ನು ನಾನು ನಷ್ಟ ಅನುಭವಿಸಿಯೇ ಕಲಿತೆ. ಒಂದು ಸಂಜೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಬ್ರಾಂಚ್‌ಗಳು ಎಣಿಸಲಾಗದಷ್ಟಾಗಿದ್ದವು. ಒಂದೊಂದಾಗಿ ನೋಡಲು ಬೇಸರ. ಇಡೀ ಫೋಲ್ಡರನ್ನೇ ಅಳಿಸಿ ಹೊಸದಾಗಿ ಕ್ಲೋನ್ ಮಾಡಿಕೊಂಡೆ. ಎಷ್ಟು ಚೆಂದ, ಮೈನ್ ಒಂದೇ! ನನಗೇ ನನ್ನ ಬಗ್ಗೆ ಮೆಚ್ಚುಗೆಯಾಯಿತು. ಮರುದಿನ ಬೆಳಿಗ್ಗೆ ನೆನಪಾಯಿತು, ಹನ್ನೊಂದು ದಿನಗಳ ಕೆಲಸವಿದ್ದ ಒಂದು ಬ್ರಾಂಚನ್ನು ನಾನು ಪುಶ್ ಮಾಡಿರಲೇ ಇಲ್ಲ. ರಿಫ್‌ಲಾಗ್ ತೆರೆದೆ. ಅದರಲ್ಲಿದ್ದುದು ಒಂದೇ ಸಾಲು: ಕ್ಲೋನ್.

ನನ್ನ ಮೇಲಿನವರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಗದರಲಿಲ್ಲ. 'ಬರೆದದ್ದರಲ್ಲಿ ನೆನಪಿರುವುದನ್ನೆಲ್ಲ ಈಗಲೇ ಕಾಗದದಲ್ಲಿ ಬರೆದಿಡು, ನಾಳೆ ಅದೂ ಹೋಗುತ್ತದೆ' ಎಂದರು. ಎರಡನೆಯ ಸಲ ಬರೆಯಲು ಎಂಟು ದಿನ ಹಿಡಿಯಿತು. ಮೊದಲ ಸಂಜೆಯೇ ಅದನ್ನು ಪುಶ್ ಮಾಡಿದೆ.