ಚೊಂಬು ಒತ್ತಿದ ಮಗ



ನನ್ನ ಐದು ವರ್ಷದ ಮಗನಿಗೆ ಆಟಿಸಂ ಇದೆ, ಮಾತು ಬಂದಿಲ್ಲ. ಸಾಫ್ಟ್‌ವೇರ್‌ನವನಲ್ಲವೇ, ಟ್ಯಾಬ್ಲೆಟ್‌ಗೆ ಅಕ್ಷರ, ಬಣ್ಣ ಕಲಿಸುವ ಆ್ಯಪ್ ಹಾಕಿ ಅವನ ಕೈಗೆ ಕೊಟ್ಟೆ. ಒಂದೇ ಹಾಡನ್ನು ನೂರು ಸಲ ಒತ್ತಿದ, ಅಷ್ಟೇ. ತಪ್ಪು ನನ್ನದು, ಪಕ್ಕದಲ್ಲಿ ನಾನು ಕೂತಿರಲಿಲ್ಲ.

ಆಮೇಲೆ, ವಾಕ್ ಚಿಕಿತ್ಸೆಯವರು ಹೇಳಿದಂತೆ, ಚಿತ್ರ ಒತ್ತಿದರೆ ಮಾತಾಡುವ ಆ್ಯಪ್ ಹಾಕಿದೆವು. ಚೆನ್ನೈನಲ್ಲಿ ತಯಾರಾದ 'ಆವಾಜ್' ಅಂಥದ್ದೊಂದು. ನಮ್ಮನೆ ಚೊಂಬು, ತಟ್ಟೆ, ಅಜ್ಜಿಯ ಫೋಟೊ ಸೇರಿಸಿ, ಕನ್ನಡದಲ್ಲಿ ನಮ್ಮದೇ ದನಿ ತುಂಬಿದೆವು. ಬೇರೆ ಆ್ಯಪ್‌ಗೆ ಹೋಗದಂತೆ ಪರದೆಗೆ ಬೀಗ ಹಾಕಿದೆವು. ನೀರು ಕೊಡುವಾಗಲೆಲ್ಲ ನಾವೇ ಮೊದಲು ಒತ್ತಿ ತೋರಿಸಿದೆವು. ಮೂರು ತಿಂಗಳಾದ ಮೇಲೆ ಒಂದು ಸಂಜೆ ಅವನೇ ಚೊಂಬು ಒತ್ತಿದ. "ನೀರು" ಎಂದಿತು ಅವನಮ್ಮನ ದನಿ. ಅವಳು ಅತ್ತೇಬಿಟ್ಟಳು.

ಹೀಗೆ ಒತ್ತಿದರೆ ಮಾತೇ ಬರದೆ ಹೋದೀತೆಂಬ ಭಯ ಬೇಡ. ಮಗು ಮಾತಾಡದಿದ್ದರೆ ಕಾಯದೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತೋರಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಇದೆ. ನಾಳೆ ಅಂಥ ಮಗು ನಮ್ಮ ಶಾಲೆಗೆ ಬಂದರೆ, ಗುರುಗಳೇ, ಅದರ ಟ್ಯಾಬ್ಲೆಟ್ ಕಿತ್ತಿಡಬೇಡಿ. ಅದು ಆ ಮಗುವಿನ ಬಾಯಿ.