ಮರುಭೂಮಿಯ ಮಯಸಭೆ



ಮಯನು ನಿರ್ಮಿಸಿದ ಸಭೆಯಲ್ಲಿ ದುರ್ಯೋಧನನು ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಭ್ರಮಿಸಿದ ಕಥೆಯನ್ನು ತಾವೆಲ್ಲರೂ ಬಲ್ಲಿರಿ. 1942ರಲ್ಲಿ ಈಜಿಪ್ಟಿನ ಎಲ್ ಅಲಮೀನ್ ಮರಳುಗಾಡಿನಲ್ಲಿ ಅಂಥದೇ ಒಂದು ಸಭೆ ಏರ್ಪಟ್ಟಿತು. ಅದರ ಶಿಲ್ಪಿಗಳು ಚಲನಚಿತ್ರ ನಿರ್ದೇಶಕ ಜೆಫ್ರಿ ಬಾರ್ಕಸ್, ಚಿತ್ರಕಾರ ಟೋನಿ ಏರ್ಟನ್ ಮತ್ತು ಅವರ ಸಂಗಡಿಗರು.

ಬ್ರಿಟಿಷ್ ಸೇನಾಪತಿ ಮಾಂಟ್‌ಗೊಮರಿಯವರು ಉತ್ತರದಲ್ಲಿ ದಾಳಿ ನಡೆಸಬೇಕೆಂದಿದ್ದರು. ಜರ್ಮನರು ಅದನ್ನು ದಕ್ಷಿಣದಲ್ಲಿ ನಿರೀಕ್ಷಿಸುವಂತೆ ಮಾಡಬೇಕಾಗಿತ್ತು. ಆದರೆ ಆ ಬಟ್ಟಬಯಲಿನಲ್ಲಿ ಮರೆಯೆಂಬುದೇ ಇಲ್ಲ. ವಿಮಾನದಿಂದ ನೋಡುವವನಿಗೆ ಪ್ರತಿಯೊಂದು ವಸ್ತುವನ್ನೂ ಅದರ ನೆರಳೇ ತೋರಿಸಿಕೊಡುತ್ತದೆ. ಬಚ್ಚಿಡಲಾಗದುದನ್ನು ಬೇರೊಂದಾಗಿ ಕಾಣಿಸುವುದೇ ಉಳಿದ ಉಪಾಯ.

ಉತ್ತರದಲ್ಲಿ ಮೊದಲು ಲಾರಿಗಳ ಆಕಾರದ ಮುಸುಕುಗಳನ್ನು ನಿಲ್ಲಿಸಿದರು. ಶತ್ರುವಿನ ಕಣ್ಣಿಗೆ ಅವು ದಿನವೂ ಕಂಡು ಅಭ್ಯಾಸವಾದುವು. ಆಮೇಲೆ ಟ್ಯಾಂಕುಗಳು ರಾತ್ರಿ ಬಂದು ಆ ಮುಸುಕುಗಳಡಿ ಸೇರಿದುವು; ಅವು ಬಿಟ್ಟುಬಂದ ಸ್ಥಳದಲ್ಲಿ ಬೆಳಗಾಗುವುದರೊಳಗೆ ಹುಸಿ ಟ್ಯಾಂಕುಗಳು ನಿಂತಿದ್ದುವು. ಕಲ್ಲು ಕಟ್ಟಿದ ಹಳೆಯ ಕಂದಕಗಳ ಒಳಮೈಗೆ ಪೆಟ್ರೋಲ್ ಡಬ್ಬಿಗಳನ್ನು ಒತ್ತಾಗಿ ಜೋಡಿಸಲು, ಮೇಲಿನಿಂದ ತೆಗೆದ ಛಾಯಾಚಿತ್ರದಲ್ಲಿ ನೆರಳು ಮೊದಲಿನಂತೆಯೇ ಬಿದ್ದಿತು. ದಕ್ಷಿಣದ ಕಡೆಗೆ ನೀರಿನ ಕೊಳವೆಯೊಂದು ಸಾಗುತ್ತಿರುವಂತೆ ತೋರಿಸಿದರು. ಕೊಳವೆಯೆಂದರೆ ಬರಿದಾದ ಪೆಟ್ರೋಲ್ ಡಬ್ಬಿಗಳ ಸಾಲು! ರಾತ್ರಿ ಕಾಲುವೆಯನ್ನು ಮುಚ್ಚಿ, ಅದೇ ಡಬ್ಬಿಗಳನ್ನು ಮುಂದಕ್ಕೆ ಸಾಗಿಸುವರು. ಕೆಲಸದ ವೇಗವನ್ನು ಲೆಕ್ಕ ಹಾಕಿದವನಿಗೆ ನವೆಂಬರಿಗೆ ಮೊದಲು ದಾಳಿಯಿಲ್ಲವೆಂದೇ ತೋರಬೇಕು.

ಮುನಸ್ಸಿಬ್ ತಗ್ಗಿನ ಯುಕ್ತಿ ಇನ್ನೂ ಸೂಕ್ಷ್ಮವಾದುದು. ಅಲ್ಲಿಟ್ಟ ಹುಸಿ ಫಿರಂಗಿಗಳನ್ನು ಬೇಕೆಂದೇ ಅಲಕ್ಷಿಸಿ, ಅವು ಹುಸಿಯೆಂದು ಶತ್ರುವಿಗೆ ತಿಳಿಯಗೊಟ್ಟರು. ಅನಂತರ ನಿಜವಾದ ಫಿರಂಗಿಗಳನ್ನು ಅಲ್ಲಿಗೆ ತಂದಿಟ್ಟರು.

ಅಕ್ಟೋಬರ್ 23ರ ರಾತ್ರಿ ದಾಳಿ ಆರಂಭವಾದಾಗ ಜರ್ಮನ್ ಸೇನಾನಾಯಕ ರೊಮ್ಮೆಲ್ ಚಿಕಿತ್ಸೆಗಾಗಿ ಯೂರೋಪಿಗೆ ಹೋಗಿದ್ದರು. ನವೆಂಬರ್ 11ರಂದು ಚರ್ಚಿಲ್ಲರು ಪಾರ್ಲಿಮೆಂಟಿನಲ್ಲಿ ಈ ಮರೆಮಾಚುವಿಕೆಯನ್ನು ಪ್ರಶಂಸಿಸಿದರು.

ಸತ್ಯವನ್ನು ಕಾಣಿಸಬೇಕಾದ ಕುಂಚವು ವಂಚನೆಗೆ ದುಡಿಯಬಹುದೇ? ಕಲೆಯ ಈ ಮಾಯೆ ನೆತ್ತರನ್ನು ನಿಲ್ಲಿಸಲಿಲ್ಲವೆಂಬುದು ನಿಜ. ಗೆದ್ದ ಪಕ್ಷದಲ್ಲಿಯೇ ಸುಮಾರು 13,500 ಮಂದಿ ಮಡಿದರು, ಗಾಯಗೊಂಡರು ಇಲ್ಲವೆ ಕಾಣೆಯಾದರು. ಆದರೂ ಆ ರಾತ್ರಿ ಮುಂದಿನ ಸಾಲಿನಲ್ಲಿ ನಡೆದ ಸಿಪಾಯಿಯನ್ನು ಕೇಳಿದ್ದರೆ ಉತ್ತರ ತಡವಾಗುತ್ತಿರಲಿಲ್ಲ. ಶತ್ರುವಿನ ಒಂದೊಂದು ಫಿರಂಗಿ ಬೇರೆಡೆಗೆ ಮುಖಮಾಡಿದಷ್ಟೂ ಅವನು ಮನೆಗೆ ಮರಳುವ ಆಸೆ ಹೆಚ್ಚುತ್ತಿತ್ತು. ಮಯಸಭೆಯ ಭ್ರಮೆ ಯುದ್ಧಕ್ಕೆ ಬೀಜವಾಯಿತು. ಮರಳಿನ ಈ ಭ್ರಮೆಯನ್ನು ಹೂಡಿದುದು ಯುದ್ಧವನ್ನು ಮುಗಿಸುವುದಕ್ಕೆ. ಕಲಾವಿದನನ್ನು ತೂಗುವಾಗ ಈ ಭೇದವನ್ನು ನಾವು ಮರೆಯಲಾಗದು.