ಶ್ವಾಸಕೋಶದ ತೂಕ

2019ರ ಜನವರಿ 21ರಂದು ಕಾರವಾರದ ಕೂರ್ಮಗಡದಲ್ಲಿ ನರಸಿಂಹನ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ನೀರಿನ ಸಾವು ನಮ್ಮ ದಂಡೆಗೆ ಹೊಸತಲ್ಲ. ಇಂಥ ಸಾವಾದಾಗ ಮೊದಲು ಪಂಚನಾಮೆ, ಆಮೇಲೆ ಮರಣೋತ್ತರ ಪರೀಕ್ಷೆ. ಅದರ ವರದಿಯಲ್ಲಿ ಹೃದಯ ಇಷ್ಟು ಗ್ರಾಂ, ಯಕೃತ್ತು ಇಷ್ಟು ಗ್ರಾಂ ಎಂದು ಬರೆಯುವ ಸಾಲುಗಳಿರುತ್ತವೆ. ಸಾಮಾನ್ಯವಾಗಿ ಯಾರೂ ಅಲ್ಲಿ ನಿಲ್ಲುವುದಿಲ್ಲ. ಕರಾವಳಿಯವರು ಶ್ವಾಸಕೋಶದ ಸಾಲಿನಲ್ಲಾದರೂ ನಿಲ್ಲಬೇಕು.

ಅಂಗ ತೂಗಿ ನ್ಯಾಯಾಲಯಕ್ಕೆ ಉತ್ತರ ಕೊಡುವ ಹಳೆಯ ಯತ್ನವೊಂದು ಶ್ವಾಸಕೋಶದ್ದೇ. ಹದಿನೆಂಟನೆಯ ಶತಮಾನದ ಜರ್ಮನಿಯಲ್ಲಿ ಹಸುಗೂಸು ಸತ್ತರೆ ತಾಯಿಯ ಮೇಲೆ ಕೊಲೆಯ ಆರೋಪ ಬರುತ್ತಿತ್ತು. ಮಗು ಉಸಿರಾಡಿತ್ತೋ, ಸತ್ತೇ ಹುಟ್ಟಿತ್ತೋ? ಪ್ಲೂಕೆ ಎಂಬ ವೈದ್ಯ ತಕ್ಕಡಿ ಹಿಡಿದ. ಉಸಿರಾಡದ ಮಗುವಿನ ಶ್ವಾಸಕೋಶ ದೇಹದ ತೂಕದ 70ರಲ್ಲೊಂದು ಪಾಲು. ಉಸಿರಾಡಿದ್ದರೆ ರಕ್ತ ತುಂಬಿಕೊಂಡು 35ರಲ್ಲೊಂದು ಪಾಲು ಎಂದ. ಕೇಳಲು ಎಷ್ಟು ಸಲೀಸು! ಮಗುವಿನಿಂದ ಮಗುವಿಗೆ ಈ ಲೆಕ್ಕ ಬದಲಾಗುತ್ತದೆ, ಇದನ್ನೊಂದೇ ನಂಬುವಂತಿಲ್ಲ ಎಂಬುದು ಆಮೇಲೆ ತಿಳಿಯಿತು. ಅಷ್ಟರೊಳಗೆ ಎಷ್ಟು ತಾಯಂದಿರ ಕೊರಳು ಈ ಭಿನ್ನರಾಶಿಗೆ ಸಿಕ್ಕಿತೋ.

ದೊಡ್ಡವರ ವಿಷಯದಲ್ಲಿ ಹೋಲಿಸಿ ನೋಡಲು ಪಟ್ಟಿ ಬೇಕಾಯಿತು. ಇಂಗ್ಲೆಂಡಿನ ರಾಬರ್ಟ್ ಬಾಯ್ಡ್ 2614 ಶವಪರೀಕ್ಷೆಗಳ ತೂಕಗಳನ್ನು ಒಟ್ಟುಮಾಡಿ 1861ರಲ್ಲಿ ಪ್ರಕಟಿಸಿದ. ಮರುವರ್ಷ, 1862ರಲ್ಲಿ, ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿ ಸರ್ಕಾರದ ರಾಸಾಯನಿಕ ಪರೀಕ್ಷಕರಾಗಿದ್ದ ಐ. ಬಿ. ಲಯನ್ ಭಾರತಕ್ಕೆಂದೇ ವೈದ್ಯಕೀಯ ನ್ಯಾಯಶಾಸ್ತ್ರದ ಪುಸ್ತಕ ಬರೆದದ್ದು 1880ರ ದಶಕದ ಕೊನೆಗೆ. ಜೈಸಿಂಗ್ ಮೋದಿಯವರ ಪುಸ್ತಕ ಬಂದದ್ದು 1920ರಲ್ಲಿ. ಆ ಕಾಲದ ಲೆಕ್ಕ ಔನ್ಸಿನದು. ಒಂದು ಔನ್ಸ್ ಎಂದರೆ 28 ಗ್ರಾಂ ಚಿಲ್ಲರೆ. ಹತ್ತಿರದ ಔನ್ಸಿಗೆ ಸರಿಹೊಂದಿಸಿ ಬರೆದರೆ ಹೆಚ್ಚುಕಡಿಮೆ 14 ಗ್ರಾಂ ಅಲ್ಲೇ ಏರುಪೇರು. ಯಕೃತ್ತಿಗೆ ಇದು ಏನೂ ಅಲ್ಲ, ಮೂತ್ರಪಿಂಡಕ್ಕೆ ಬಹಳವಾಯಿತು. 1958ರ ಅಕ್ಟೋಬರಿನಿಂದ ದೇಶದಲ್ಲಿ ಹಂತಹಂತವಾಗಿ ಗ್ರಾಂ ಬಂತು.

ಗ್ರಾಂ ಬಂದರೂ ತೂಗುವ ಕ್ರಮ ತಪ್ಪಿದರೆ ಪ್ರಯೋಜನವಿಲ್ಲ. ನೀರು ಸೋರುವ ಬಂಗಡೆಯನ್ನು ತಕ್ಕಡಿಗೆ ಹಾಕಿದರೆ ನೀರಿಗೂ ದುಡ್ಡು ಕೊಟ್ಟಂತೆ ಅಂತ ಅಂಕೋಲೆಯ ಪೇಟೆಯಲ್ಲಿ ಯಾರಿಗೆ ಗೊತ್ತಿಲ್ಲ? ಹೃದಯವನ್ನು ಬಿಡಿಸಿ, ಒಳಗಿನ ಹೆಪ್ಪುಗಟ್ಟಿದ ರಕ್ತ ತೆಗೆದು, ದೊಡ್ಡ ರಕ್ತನಾಳಗಳನ್ನು ಚಿಕ್ಕದಾಗಿ ಕತ್ತರಿಸಿ, ಹೊರಮೈ ಒರೆಸಿ ತೂಗಬೇಕು. ಶ್ವಾಸಕೋಶದ್ದು ಉಲ್ಟಾ. ಅದನ್ನು ಕೊಯ್ಯುವ ಮೊದಲೇ, ಎಡ ಬಲ ಬೇರೆಬೇರೆಯಾಗಿ ತೂಗಬೇಕು. ಕೊಯ್ದರೆ ಒಳಗಿನ ದ್ರವ ಮೇಜಿನ ಮೇಲೆ ಹರಿದುಹೋಗುತ್ತದೆ, ನಮಗೆ ಬೇಕಾದದ್ದು ಅದೇ. ತಟ್ಟೆಯ ತೂಕ ಕಳೆದು ಸೊನ್ನೆ ಮಾಡುವುದು, ಫ್ಯಾನ್ ಆರಿಸುವುದು, ಗೊತ್ತಿರುವ ತೂಕದ ಬಟ್ಟು ಇಟ್ಟು ತಕ್ಕಡಿಯನ್ನು ಆಗಾಗ ಪರೀಕ್ಷಿಸುವುದು ಇವೆಲ್ಲ ಸಣ್ಣ ಕೆಲಸಗಳು. ಉಪ್ಪುಗಾಳಿಯ ಊರಲ್ಲಿ ಕೊನೆಯದನ್ನು ಮರೆಯಬಾರದು.

ಇನ್ನು ಮುಳುಗಿದವರ ವಿಷಯ. ವಯಸ್ಕರ ಎರಡೂ ಶ್ವಾಸಕೋಶ ಸೇರಿ ಸುಮಾರು 800-900 ಗ್ರಾಂ. ಮುಳುಗಿದವರಲ್ಲಿ ಅದು ಅನೇಕ ಸಲ ಕಿಲೋ ದಾಟುತ್ತದೆ. ಸಮುದ್ರದ ನೀರಾದರೆ ಎರಡು ಕಿಲೋವರೆಗೂ ಭಾರ, ಸಿಹಿನೀರಾದರೆ ಹಗುರ ಎಂದು ಪಠ್ಯಪುಸ್ತಕಗಳು ಗೆರೆ ಎಳೆಯುತ್ತವೆ. ಗಂಗಾವಳಿಯ ಅಳಿವೆಯಲ್ಲಿ ಉಬ್ಬರಕ್ಕೊಂದು ನೀರು, ಇಳಿತಕ್ಕೊಂದು ನೀರು. ಅಲ್ಲಿ ಈ ಗೆರೆಯನ್ನು ನಾನಂತೂ ನಂಬಲಾರೆ. ಹೃದಯ ಸೋತು ಸತ್ತವರ ಶ್ವಾಸಕೋಶವೂ ಭಾರವಾಗುತ್ತದೆ. ದೇಹ ದಿನಗಟ್ಟಲೆ ನೀರಲ್ಲಿದ್ದರೆ ದ್ರವ ಎದೆಗೂಡಿಗೆ ಜಿನುಗಿ ಶ್ವಾಸಕೋಶ ಮತ್ತೆ ಹಗುರಾಗುತ್ತದೆ. ಅದಕ್ಕೇ ಜಪಾನಿನ ವೈದ್ಯರು ಆ ದ್ರವವನ್ನೂ ಕೂಡಿಸಿ, ಗುಲ್ಮದ ತೂಕದಿಂದ ಭಾಗಿಸಿ ನೋಡುವ ಲೆಕ್ಕ ಹಾಕಿದರು. ಮುಳುಗಿದವರಲ್ಲಿ ಗುಲ್ಮ ಕುಗ್ಗಿರುವುದುಂಟು.

ತಕ್ಕಡಿಗೂ ಮಿತಿ ಇದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಗಂಗಾವಳಿ ಸೇರಿದ್ದ ಲಾರಿಯೊಂದನ್ನು, ಒಳಗಿದ್ದ ಚಾಲಕನ ದೇಹದೊಂದಿಗೆ, ಮೇಲೆತ್ತಿದ್ದು 71 ದಿನಗಳ ಮೇಲೆ. ಅಷ್ಟು ದಿನ ಕಳೆದ ದೇಹದಲ್ಲಿ ಶ್ವಾಸಕೋಶ ತೂಗಿ ತಿಳಿಯುವುದು ಏನೂ ಉಳಿದಿರುವುದಿಲ್ಲ. ಗುರುತಿಗೆ ಡಿಎನ್‌ಎಯೇ ಬೇಕಾಯಿತು.

ಕಾರವಾರದಲ್ಲಿ ಈಗ ವೈದ್ಯಕೀಯ ಕಾಲೇಜಿದೆ. ಬಾಯ್ಡ್‌ನ ಪಟ್ಟಿ ಇಂಗ್ಲೆಂಡಿನ ಜನರದ್ದು. ನಮ್ಮ ದಂಡೆಯ ಮೈಕಟ್ಟಿಗೆ ನಮ್ಮದೇ ಪಟ್ಟಿ ಬೇಕು. ಹಾಗಾಗಬೇಕಾದರೆ ಪ್ರತಿ ವರದಿಯಲ್ಲೂ ಎತ್ತರ, ದೇಹದ ತೂಕ, ನೀರಲ್ಲಿದ್ದ ದಿನಗಳು, ಎದೆಗೂಡಿನ ದ್ರವದ ಪ್ರಮಾಣ, ಇವಿಷ್ಟನ್ನು ಗ್ರಾಂಗಳ ಪಕ್ಕದಲ್ಲೇ ಬರೆದಿಡಬೇಕು.